ಸರ್ಕಾರಿ ಖರೀದಿಯಲ್ಲಿ ಸಣ್ಣ ಉದ್ಯಮದ ಪಾಲು

ರಾಜ್ಯವೆಂದರೆ ತೆರಿಗೆ ಎತ್ತುವ, ಕಾನೂನು ಮಾಡುವ, ತಪ್ಪಿದವರನ್ನು ದಂಡಿಸುವ ಶಕ್ತಿಯೆಂದು ನಾವು ಎಣಿಸುತ್ತೇವೆಯೇ ಹೊರತು, ಅದು ದೇಶದ ಅತಿ ದೊಡ್ಡ ಗಿರಾಕಿಯೂ ಹೌದೆಂಬುದನ್ನು ಅಷ್ಟಾಗಿ ನೆನೆಯುವುದಿಲ್ಲ. ಶಾಲೆಯ ಬೆಂಚಿನಿಂದ ಹಿಡಿದು ರೈಲಿನ ಗಾಲಿಯವರೆಗೆ, ಆಸ್ಪತ್ರೆಯ ಬ್ಯಾಂಡೇಜು ಬಟ್ಟೆಯಿಂದ ಹಿಡಿದು ಸೈನಿಕನ ಬೂಟಿನವರೆಗೆ ಸರ್ಕಾರವೂ ಅದರ ಅಂಗಸಂಸ್ಥೆಗಳೂ ಕೊಳ್ಳದ ವಸ್ತುವಿಲ್ಲ. ಕೇಂದ್ರ, ರಾಜ್ಯ, ಸ್ಥಳೀಯ ಸಂಸ್ಥೆಗಳೆಲ್ಲವೂ ವರ್ಷವೊಂದರಲ್ಲಿ ಮಾಡುವ ಖರೀದಿಯನ್ನು ಕೂಡಿಸಿ ನೋಡಿದರೆ ಅದು ರಾಷ್ಟ್ರದ ಒಟ್ಟು ಉತ್ಪನ್ನದ ಐದನೆಯ ಒಂದು ಪಾಲಿಗೆ ಸಮೀಪವಾದೀತೆಂಬುದು ಅರ್ಥಶಾಸ್ತ್ರಜ್ಞರು ವಾಡಿಕೆಯಾಗಿ ಹೇಳುತ್ತ ಬಂದಿರುವ ಅಂದಾಜು. ಇಂಥ ಗಿರಾಕಿ ಯಾರ ಬಾಗಿಲಿಗೆ ಹೋಗುತ್ತಾನೆ, ಕೊಂಡ ಮೇಲೆ ಎಷ್ಟು ದಿನಕ್ಕೆ ಹಣ ಎಣಿಸುತ್ತಾನೆ ಎಂಬುದರ ಮೇಲೆ ಸಾವಿರಾರು ಸಣ್ಣ ಕಾರ್ಖಾನೆಗಳ ಅಳಿವು ಉಳಿವು ನಿಂತಿರುವಾಗ, ಆ ವಿಷಯವನ್ನು ಲೆಕ್ಕಪತ್ರ ಶಾಖೆಗೆ ಬಿಟ್ಟು ಸುಮ್ಮನಿರುವುದು ಪ್ರಜೆಗೆ ತಕ್ಕುದಲ್ಲ.

ಸರ್ಕಾರ ಕೊಳ್ಳುವ ಕ್ರಮಕ್ಕೆ ಇರುವ ಪ್ರಾಚೀನವಾದ ನಿಯಮ ಒಂದೇ: ಯಾರು ಕಡಮೆ ಬೆಲೆ ಹೇಳಿದರೋ ಅವರಿಗೆ ಗುತ್ತಿಗೆ. ಕಚೇರಿಯ ಭಾಷೆಯಲ್ಲಿ ಅವನು ‘ಎಲ್ ಒನ್’. ನಿಯಮ ನ್ಯಾಯವಾಗಿಯೇ ತೋರುತ್ತದೆ. ಬೊಕ್ಕಸದ ಹಣ ಪ್ರಜೆಯ ಹಣ, ಅದನ್ನು ಒಂದು ಪೈಯಷ್ಟೂ ಹೆಚ್ಚಾಗಿ ತೆರಬಾರದು. ಆದರೆ ಕಚ್ಚಾ ಉಕ್ಕನ್ನು ಸಗಟಾಗಿ ಕೊಳ್ಳಬಲ್ಲವನೂ ಬ್ಯಾಂಕಿನಲ್ಲಿ ಕಡಮೆ ಬಡ್ಡಿಗೆ ಸಾಲ ಪಡೆಯಬಲ್ಲವನೂ ಬಿಲ್ಲು ಆರು ತಿಂಗಳು ತಡವಾದರೂ ಉಸಿರು ಹಿಡಿದು ನಿಲ್ಲಬಲ್ಲವನೂ ಆದ ದೊಡ್ಡ ಕಂಪನಿಯ ಒಡೆಯನನ್ನು, ಎರಡು ಯಂತ್ರ ಆರು ಆಳುಗಳ ಮಾಲೀಕನ ಪಕ್ಕದಲ್ಲಿ ನಿಲ್ಲಿಸಿ, ಇಬ್ಬರೂ ಸಮಾನರೆಂದು ಸಾರುವ ಸಮತ್ವದಲ್ಲಿ ಏನೋ ಒಂದು ಕೊರತೆ ಇದೆಯೆಂದು ಸ್ವಾತಂತ್ರ್ಯ ಬಂದ ಕೆಲವೇ ವರ್ಷಗಳಲ್ಲಿ ನಮ್ಮ ಆಡಳಿತಗಾರರಿಗೆ ಮನವರಿಕೆಯಾಯಿತು. 1955ರಲ್ಲಿ ರಾಷ್ಟ್ರೀಯ ಸಣ್ಣ ಕೈಗಾರಿಕೆಗಳ ನಿಗಮ ಸ್ಥಾಪಿತವಾಯಿತು. ಸಣ್ಣ ಘಟಕಕ್ಕೆ ಶೇ. 15ರವರೆಗೆ ಹೆಚ್ಚಿನ ಬೆಲೆಯನ್ನು ಕೊಟ್ಟಾದರೂ ಕೊಳ್ಳಬಹುದೆಂಬ ರಿಯಾಯಿತಿ ಬಹುಕಾಲ ಜಾರಿಯಲ್ಲಿತ್ತು. ಈ ವಿಚಾರ ನಮ್ಮ ದೇಶದ ಸಮಾಜವಾದಿ ಚಪಲವೆಂದು ಹಗುರಮಾಡುವವರುಂಟು. ಬಂಡವಾಳಶಾಹಿಯ ತವರಾದ ಅಮೆರಿಕವೇ 1953ರಲ್ಲಿ ಸಣ್ಣ ವ್ಯಾಪಾರಗಳ ಕಾಯಿದೆಯನ್ನು ಮಾಡಿ, ಮುಂದೆ ಒಕ್ಕೂಟ ಸರ್ಕಾರದ ಮುಖ್ಯ ಗುತ್ತಿಗೆಗಳಲ್ಲಿ ಶೇ. 23ರಷ್ಟು ಅವುಗಳಿಗೆ ಸಲ್ಲಬೇಕೆಂಬ ಗುರಿಯನ್ನು ಇಟ್ಟುಕೊಂಡಿದೆಯೆಂಬುದನ್ನು ಅವರು ಗಮನಿಸಿದರೆ ಒಳ್ಳೆಯದು.

ಇಂದು ಜಾರಿಯಲ್ಲಿರುವ ವ್ಯವಸ್ಥೆಗೆ ಆಧಾರ 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯಿದೆ. ಅದರ 11ನೆಯ ಕಲಮಿನ ಮೇರೆಗೆ ಕೇಂದ್ರ ಸರ್ಕಾರ 2012ರ ಮಾರ್ಚಿಯಲ್ಲಿ ಖರೀದಿ ಆಜ್ಞೆಯೊಂದನ್ನು ಹೊರಡಿಸಿ, ತನ್ನ ಇಲಾಖೆಗಳೂ ಸಾರ್ವಜನಿಕ ಉದ್ಯಮಗಳೂ ವರ್ಷದ ಒಟ್ಟು ಖರೀದಿಯಲ್ಲಿ ಶೇ. 20ರಷ್ಟನ್ನು ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಂದ ಮಾಡತಕ್ಕದ್ದೆಂದು ವಿಧಿಸಿತು. 2015ರಿಂದ ಅದು ಕಡ್ಡಾಯವಾಯಿತು. 2018ರ ತಿದ್ದುಪಡಿಯಲ್ಲಿ ಶೇ. 25ಕ್ಕೆ ಏರಿತು. ಅದರೊಳಗೆ ಶೇ. 4 ಪರಿಶಿಷ್ಟ ಜಾತಿ ಪಂಗಡಗಳ ಉದ್ಯಮಿಗಳಿಗೆ, ಶೇ. 3 ಮಹಿಳೆಯರಿಗೆ ಮೀಸಲು. ಪೊರಕೆ, ಬಕೆಟ್ಟು, ಮುಳ್ಳುತಂತಿ, ನಟ್ಟು ಬೋಲ್ಟು, ಬೂಟ್‌ಪಾಲಿಶ್ ಮೊದಲಾದ 358 ವಸ್ತುಗಳನ್ನಂತೂ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಂದಲೇ ಕೊಳ್ಳಬೇಕು. ಟೆಂಡರ್ ಪತ್ರಗಳು ಉಚಿತ; ಮುಂಗಡ ಠೇವಣಿ, ಎಂದರೆ ಇ.ಎಂ.ಡಿ., ಕಟ್ಟಬೇಕಾಗಿಲ್ಲ.

ಈ ಆಜ್ಞೆಯಲ್ಲಿ ನನ್ನ ಮೆಚ್ಚುಗೆಗೆ ಪಾತ್ರವಾದ ಅಂಶವೊಂದಿದೆ. ಅದನ್ನು ತಿಳಿಯದವರೇ ಬೊಕ್ಕಸಕ್ಕೆ ನಷ್ಟವೆಂದು ಕೂಗುವವರು. ಒಂದು ಇಲಾಖೆ 1,000 ಉಕ್ಕಿನ ಮೇಜುಗಳಿಗೆ ಟೆಂಡರ್ ಕರೆಯಿತೆಂದಿಟ್ಟುಕೊಳ್ಳೋಣ. ದೊಡ್ಡ ಕಂಪನಿ ಒಂದಕ್ಕೆ 6,000 ರೂಪಾಯಿ ಬೆಲೆ ಹೇಳಿತು. ಸಣ್ಣ ಘಟಕ 6,600 ಎಂದಿತು. ಕನಿಷ್ಠ ಬೆಲೆಗಿಂತ ಶೇ. 15ರೊಳಗೆ, ಅಂದರೆ 6,900 ರೂಪಾಯಿಯೊಳಗೆ ಇರುವುದರಿಂದ ಸಣ್ಣ ಘಟಕವನ್ನು ಕರೆದು, ‘ನೀನೂ 6,000ಕ್ಕೆ ಕೊಡಲು ಸಿದ್ಧನೇ?’ ಎಂದು ಕೇಳತಕ್ಕದ್ದು. ಅವನು ಒಪ್ಪಿದರೆ 250 ಮೇಜುಗಳ ಪಾಲು ಅವನಿಗೆ. ಹಿಂದಿನ ಕಾಲದ ಬೆಲೆಯ ರಿಯಾಯಿತಿಗೂ ಇದಕ್ಕೂ ಇರುವ ಅಂತರ ಇಲ್ಲಿದೆ. ಬೊಕ್ಕಸ ಒಂದು ಕಾಸನ್ನೂ ಹೆಚ್ಚಾಗಿ ತೆರುವುದಿಲ್ಲ. ತನ್ನ ಲಾಭವನ್ನು ಇಳಿಸಿಕೊಂಡು ದೊಡ್ಡವನ ಬೆಲೆಗೆ ಬರುವವನು ಸಣ್ಣವನೇ. ಅವನಿಗೆ ದೊರೆಯುವುದು ಒಳಗೆ ಬರುವ ಅವಕಾಶವಷ್ಟೆ. ಇದನ್ನು ದಾನವೆಂದು ಕರೆಯುವವರಿಗೆ ದಾನದ ಸ್ವರೂಪವೇ ಗೊತ್ತಿಲ್ಲವೆನ್ನಬೇಕು.

ಹೀಗಿದ್ದ ಮೇಲೆ ಕೊರತೆ ಎಲ್ಲಿ? ಕೊರತೆ ಇರುವುದು ಆಜ್ಞೆಯ ಅಕ್ಷರದಲ್ಲಿ ಅಲ್ಲ, ಅಕ್ಷರದ ಸುತ್ತ ಕಚೇರಿಗಳು ಕಟ್ಟಿಕೊಂಡಿರುವ ಬೇಲಿಯಲ್ಲಿ. ಬೆಂಗಳೂರಿನ ಪೀಣ್ಯದಲ್ಲಿ, ರಾಜಾಜಿನಗರದ ಹಳೆಯ ಕೈಗಾರಿಕಾ ವಸಾಹತಿನಲ್ಲಿ, ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಬೀರು, ಮೇಜು, ರ್‍ಯಾಕು ಮಾಡುವ ಸಣ್ಣ ಷೆಡ್ಡುಗಳನ್ನು ಹೊಕ್ಕು ನೋಡಿದವರಿಗೆ ಅಲ್ಲಿನ ಕ್ರಮ ಗೊತ್ತಿರುತ್ತದೆ. ಸಿ.ಆರ್. ಶೀಟನ್ನು ಕತ್ತರಿಸುವ ಯಂತ್ರವೊಂದು, ಬಗ್ಗಿಸುವ ಯಂತ್ರವೊಂದು, ಸ್ಪಾಟ್ ವೆಲ್ಡಿಂಗ್ ಮಾಡುವ ಮೂಲೆಯೊಂದು. ಪೌಡರ್ ಕೋಟಿಂಗಿಗೆ ಪಕ್ಕದ ಷೆಡ್ಡಿಗೆ ಜಾಬ್ ವರ್ಕ್ ಕಳುಹಿಸುತ್ತಾರೆ. ಮಾಲೀಕನೇ ಬೆಳಿಗ್ಗೆ ಮೇಸ್ತ್ರಿ, ಮಧ್ಯಾಹ್ನ ಗುಮಾಸ್ತ, ಸಂಜೆ ವಸೂಲಿಯವನು. ಇಂಥವನು ಟೆಂಡರ್ ಪತ್ರವನ್ನು ಉಚಿತವಾಗಿ ಪಡೆದು ಓದತೊಡಗುತ್ತಾನೆ. ವಸ್ತುವಿನ ಅಳತೆ, ಉಕ್ಕಿನ ದಪ್ಪ, ಬಣ್ಣದ ವಿವರ ಇವೆಲ್ಲ ಅವನಿಗೆ ಕರತಲಾಮಲಕ. ಇದನ್ನು ಇಪ್ಪತ್ತು ವರ್ಷದಿಂದ ಮಾಡುತ್ತಿದ್ದಾನೆ. ಆಮೇಲೆ ಅರ್ಹತೆಯ ಪುಟ ಬರುತ್ತದೆ: ಕಳೆದ ಮೂರು ವರ್ಷಗಳ ಸರಾಸರಿ ವಹಿವಾಟು ಇಷ್ಟು ಕೋಟಿ ಇರತಕ್ಕದ್ದು, ಇದೇ ಬಗೆಯ, ಇದೇ ಪ್ರಮಾಣದ ಸರಬರಾಜನ್ನು ಸರ್ಕಾರಿ ಸಂಸ್ಥೆಯೊಂದಕ್ಕೆ ಮಾಡಿದ ಪ್ರಮಾಣಪತ್ರವಿರತಕ್ಕದ್ದು. ಸರ್ಕಾರಕ್ಕೆ ಮಾರದೆ ಪ್ರಮಾಣಪತ್ರವಿಲ್ಲ, ಪ್ರಮಾಣಪತ್ರವಿಲ್ಲದೆ ಸರ್ಕಾರಕ್ಕೆ ಮಾರುವಂತಿಲ್ಲ. ಅಲ್ಲಿಗೆ ಅವನು ಕಾಗದವನ್ನು ಮಡಚಿಟ್ಟು, ದೊಡ್ಡ ಕಂಪನಿಗೆ ಆ ಗುತ್ತಿಗೆ ದೊರೆತ ಮೇಲೆ ಅದರ ಕೈಕೆಳಗೆ ಅದೇ ಮೇಜನ್ನು ಇನ್ನೂ ಕಡಮೆ ದರಕ್ಕೆ ಮಾಡಿಕೊಡಲು ಹೋಗುತ್ತಾನೆ. ವಸ್ತು ಅವನದೇ, ಲಾಭವೂ ಹೆಸರೂ ಇನ್ನೊಬ್ಬರದು.

ಅನುಭವ ಮತ್ತು ವಹಿವಾಟಿನ ಈ ಕಟ್ಟುಪಾಡನ್ನು ಸಣ್ಣವರ ವಿಷಯದಲ್ಲಿ ಸಡಿಲಿಸಬಹುದೆಂದು ಕೇಂದ್ರ 2016ರಲ್ಲಿಯೇ ಸುತ್ತೋಲೆ ಕಳುಹಿಸಿತು. ಸಡಿಲಿಸಬಹುದು, ಸಡಿಲಿಸದೆಯೂ ಇರಬಹುದು. ನಮ್ಮ ಅಧಿಕಾರಿವರ್ಗದ ಸ್ವಭಾವವನ್ನು ಬಲ್ಲವರಿಗೆ ಈ ಎರಡು ಮಾರ್ಗಗಳಲ್ಲಿ ಯಾವುದು ಆಯ್ಕೆಯಾದೀತೆಂದು ಬೇರೆ ಹೇಳಬೇಕಾಗಿಲ್ಲ. ಅದಕ್ಕಾಗಿ ಅಧಿಕಾರಿಯನ್ನು ನಾನು ಪೂರ್ತಿಯಾಗಿ ದೂಷಿಸಲಾರೆ: ಹೆಸರಾಂತ ಕಂಪನಿಯಿಂದ ಕೊಂಡ ವಸ್ತು ಕೆಟ್ಟರೆ ತಪ್ಪು ಕಂಪನಿಯದು, ಅಪರಿಚಿತ ಸಣ್ಣ ಘಟಕದಿಂದ ಕೊಂಡದ್ದು ಕೆಟ್ಟರೆ ತಪ್ಪು ಅಧಿಕಾರಿಯದು ಎಂಬ ಹಾಗೆ ಲೆಕ್ಕ ತಪಾಸಣೆಯವರೂ ವಿಚಕ್ಷಣೆಯವರೂ ವ್ಯವಹರಿಸುತ್ತಿರುವ ತನಕ, ಬುದ್ಧಿವಂತನಾದ ಯಾವ ಅಧಿಕಾರಿಯೂ ತನ್ನ ನಿವೃತ್ತಿ ವೇತನವನ್ನು ಪಣವಿಟ್ಟು ಸಣ್ಣವನಿಗೆ ಉಪಕಾರ ಮಾಡಲು ಹೊರಡುವುದಿಲ್ಲ. ಸಡಿಲಿಸದಿರುವುದಕ್ಕೆ ಕಾರಣವನ್ನು ಬರೆದಿಡತಕ್ಕದ್ದೆಂದು ವಿಧಿಸಿದರೆ ಮಾತ್ರ ಈ ಭಾರ ತಿರುವುಮುರುವಾದೀತು. 2025ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಕನಿಷ್ಠ ವಹಿವಾಟಿನ ಷರತ್ತನ್ನೇ ಕುರಿತ ಒಂದು ಮೊಕದ್ದಮೆಯಲ್ಲಿ, 2012ರ ಆಜ್ಞೆಗೆ ಕಾನೂನಿನ ಬಲವುಂಟೆಂದೂ, ಒಬ್ಬೊಬ್ಬ ಉದ್ಯಮಿಗೂ ಅದರಿಂದ ಪ್ರತ್ಯೇಕ ಹಕ್ಕು ಹುಟ್ಟದಿದ್ದರೂ ಅದನ್ನು ನೆರವೇರಿಸುವುದು ಆಡಳಿತ ಸಂಸ್ಥೆಗಳ ಕರ್ತವ್ಯವೆಂದೂ ಹೇಳಿತು. ಇಂಥ ಮಾತನ್ನು ಹೇಳಿಸಿಕೊಳ್ಳುವುದಕ್ಕೆ ಹದಿಮೂರು ವರ್ಷ ಬೇಕಾಯಿತು.

ಬೇಲಿಯ ಇನ್ನೊಂದು ಗೂಟ ನಮ್ಮ ರಾಜ್ಯದವರಿಗೆ ಚೆನ್ನಾಗಿ ಪರಿಚಿತವಾದ ‘ಪ್ಯಾಕೇಜ್’ ಪದ್ಧತಿ. ಹತ್ತು ತಾಲ್ಲೂಕುಗಳ ಹತ್ತು ಕೆಲಸಗಳನ್ನು ಹತ್ತು ಟೆಂಡರುಗಳಾಗಿ ಕರೆದರೆ ಹತ್ತು ಕಡತ, ಹತ್ತು ಒಪ್ಪಂದ, ಹತ್ತು ತಗಾದೆ. ಎಲ್ಲವನ್ನೂ ಒಂದು ಗಂಟಾಗಿ ಕಟ್ಟಿದರೆ ಒಂದೇ ಸಹಿ. ಕಚೇರಿಗೆ ಅನುಕೂಲವೇನೋ ಸರಿ, ಆದರೆ ಆ ಗಂಟನ್ನು ಎತ್ತಬಲ್ಲ ಭುಜ ತಾಲ್ಲೂಕಿನಲ್ಲಿ ಇರುವುದಿಲ್ಲ; ಸ್ಥಳೀಯ ಗುತ್ತಿಗೆದಾರರು ಇದನ್ನು ಕುರಿತು ವರ್ಷಗಳಿಂದ ಗೋಳಿಡುತ್ತಿದ್ದಾರೆ. ಕಾಮಗಾರಿಗಳ ಗುತ್ತಿಗೆಗಳು ಕೇಂದ್ರದ ಖರೀದಿ ಆಜ್ಞೆಯ ವ್ಯಾಪ್ತಿಯಿಂದ ಹೊರಗೇ ಉಳಿದಿರುವುದರಿಂದ ಅವರಿಗೆ ಅದರ ಆಸರೆಯೂ ಇಲ್ಲ.

ಸಣ್ಣವನೆಂದರೆ ಯಾರು ಎಂಬ ಪ್ರಶ್ನೆಯೂ ಈಚೆಗೆ ಜಟಿಲವಾಗಿದೆ. 2025ರ ಏಪ್ರಿಲಿನಿಂದ ಜಾರಿಗೆ ಬಂದಿರುವ ವ್ಯಾಖ್ಯೆಯಂತೆ ಯಂತ್ರೋಪಕರಣಗಳಲ್ಲಿ 25 ಕೋಟಿ ರೂಪಾಯಿಯವರೆಗೆ ಬಂಡವಾಳವೂ ವರ್ಷಕ್ಕೆ 100 ಕೋಟಿಯವರೆಗೆ ವಹಿವಾಟೂ ಉಳ್ಳವನು ಸಣ್ಣ ಉದ್ಯಮಿ. ಎರಡೂವರೆ ಕೋಟಿ ಬಂಡವಾಳ, 10 ಕೋಟಿ ವಹಿವಾಟಿನವರೆಗೆ ಸೂಕ್ಷ್ಮ ಉದ್ಯಮಿ. ಬೆಲೆಗಳು ಏರಿವೆ, ಮಿತಿಯೂ ಏರಬೇಕೆಂಬುದು ಒಪ್ಪತಕ್ಕ ಮಾತೇ. ಆದರೆ ಶೇ. 25ರ ಪಾಲು ಸೂಕ್ಷ್ಮ ಸಣ್ಣ ಇಬ್ಬರಿಗೂ ಒಟ್ಟಾಗಿ ಇರುವುದರಿಂದ, 100 ಕೋಟಿ ವಹಿವಾಟಿನವನು ಆ ಪಾಲನ್ನೆಲ್ಲ ಉಂಡು ಮುಗಿಸಿದರೂ ಇಲಾಖೆಯ ವಾರ್ಷಿಕ ವರದಿಯಲ್ಲಿ ಗುರಿ ಮುಟ್ಟಿತೆಂದೇ ಬರೆಯಲಾಗುತ್ತದೆ. ಹತ್ತು ಜನರ ಲೇತ್ ಷೆಡ್ಡಿನವನು ಈಗಲೂ ದೊಡ್ಡವನೊಡನೆಯೇ ಹೋರಾಡುತ್ತಿದ್ದಾನೆ, ಎದುರಾಳಿಯ ಹೆಸರು ಮಾತ್ರ ಬದಲಾಗಿದೆ. ಸೂಕ್ಷ್ಮ ಉದ್ಯಮಕ್ಕೆ ಆ ಪಾಲಿನೊಳಗೆ ಬೇರೆಯಾಗಿ ಒಂದು ಅಂಶವನ್ನು ಗೊತ್ತುಮಾಡದೆ ವ್ಯಾಖ್ಯೆಯನ್ನು ಹಿಗ್ಗಿಸಿದ್ದು ಅವಿವೇಕವೆಂದೇ ನನ್ನ ತೀರ್ಮಾನ.

ಇವೆಲ್ಲಕ್ಕಿಂತ ಮಿಗಿಲಾದ ವ್ಯಾಧಿ ಪಾವತಿಯ ವಿಳಂಬ. ಗುತ್ತಿಗೆ ಸಿಕ್ಕಿತು, ಮಾಲು ಸಿದ್ಧವಾಯಿತು, ಲಾರಿ ಹೋಯಿತು. ಉಗ್ರಾಣದವನು ಚಲನ್ ಮೇಲೆ ಮುದ್ರೆ ಒತ್ತಿದನು. ಅಲ್ಲಿಂದ ಮುಂದೆ ತಪಾಸಣೆಯ ವರದಿ, ಶಾಖಾಧಿಕಾರಿಯ ಷರಾ, ಲೆಕ್ಕಾಧಿಕಾರಿಯ ಆಕ್ಷೇಪಣೆ, ಆಕ್ಷೇಪಣೆಗೆ ಸಮಾಧಾನ, ‘ಗ್ರಾಂಟು ಬಂದಿಲ್ಲ, ಮಾರ್ಚಿಯಲ್ಲಿ ನೋಡೋಣ’ ಎಂಬ ವೇದವಾಕ್ಯ. ಈ ನಡುವೆ ಷೆಡ್ಡಿನಲ್ಲಿ ಪ್ರತಿ ಶನಿವಾರ ಬಟವಾಡೆ ಆಗಲೇಬೇಕು, ಬ್ಯಾಂಕಿನ ಸಾಲದ (ಸಿ.ಸಿ.) ಖಾತೆಯ ಮೇಲೆ ಬಡ್ಡಿ ಪ್ರತಿ ತಿಂಗಳೂ ಬೀಳುತ್ತಿರುತ್ತದೆ. ಇದಕ್ಕಿಂತ ವಿಚಿತ್ರವಾದ ಒಂದು ಸಂಗತಿಯನ್ನು ಹೊರಗಿನವರು ಅರಿಯರು. 10 ಲಕ್ಷ ರೂಪಾಯಿನ ಉಕ್ಕಿನ ಮೇಜುಗಳನ್ನು ಸರಬರಾಜು ಮಾಡಿದವನು ಬಿಲ್ಲಿನಲ್ಲಿ ಶೇ. 18ರಂತೆ 1 ಲಕ್ಷ 80 ಸಾವಿರ ರೂಪಾಯಿ ಜಿ.ಎಸ್.ಟಿ. ತೋರಿಸಬೇಕಷ್ಟೆ, ಕಚ್ಚಾವಸ್ತುವಿಗೆ ತಾನು ತೆತ್ತ ತೆರಿಗೆಯನ್ನು ಕಳೆದು ಉಳಿದದ್ದನ್ನು ಮುಂದಿನ ತಿಂಗಳೇ ಕಟ್ಟಬೇಕು, ಬಿಲ್ಲಿನ ಹಣ ಬಂದಿರಲಿ ಬಿಡಲಿ. ಸರ್ಕಾರ ತನಗೆ ಇನ್ನೂ ಕೊಡದ ಹಣದ ಮೇಲಿನ ತೆರಿಗೆಯನ್ನು ಅವನು ಬಡ್ಡಿಗೆ ಸಾಲ ತಂದು ಸರ್ಕಾರಕ್ಕೇ ಸಲ್ಲಿಸುತ್ತಾನೆ. ಒಂದು ದಿನ ತಡವಾದರೆ ದಂಡ ಅವನಿಗೆ, ಆರು ತಿಂಗಳು ತಡಮಾಡಿದ ಇಲಾಖೆಗೆ ಏನೂ ಇಲ್ಲ.

ಕಾನೂನಿನಲ್ಲಿ ಪರಿಹಾರವಿಲ್ಲದಿಲ್ಲ. 2006ರ ಕಾಯಿದೆಯ 15ನೆಯ ಕಲಮು, ಒಪ್ಪಂದದಲ್ಲಿ ಏನೇ ಬರೆದಿದ್ದರೂ 45 ದಿನಗಳನ್ನು ಮೀರದಂತೆ ಹಣ ಕೊಡತಕ್ಕದ್ದೆನ್ನುತ್ತದೆ. ತಪ್ಪಿದರೆ, 16ನೆಯ ಕಲಮಿನಂತೆ, ರಿಸರ್ವ್ ಬ್ಯಾಂಕು ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಂದ ತಿಂಗಳಿಗೆ ಚಕ್ರಬಡ್ಡಿ. ತಗಾದೆಗೆ ರಾಜ್ಯಮಟ್ಟದಲ್ಲಿ ಮಂಡಲಿಯುಂಟು. 2017ರಿಂದ ‘ಸಮಾಧಾನ್’ ಎಂಬ ಜಾಲತಾಣವೂ ಉಂಟು. ಇಷ್ಟಿದ್ದರೂ ಬಹುಮಂದಿ ಸಣ್ಣ ಸರಬರಾಜುದಾರರು ಆ ಬಾಗಿಲನ್ನು ತಟ್ಟುವುದಿಲ್ಲ, ಏಕೆಂದರೆ ಇಂದು ಯಾರ ಮೇಲೆ ದೂರು ಕೊಡುತ್ತಾರೋ ಆ ಕಚೇರಿಯಿಂದಲೇ ನಾಳೆ ಆರ್ಡರ್ ಬರಬೇಕು. ಗಿರಾಕಿಯೊಡನೆ ವ್ಯಾಜ್ಯ ಹೂಡಿ ಅಂಗಡಿ ನಡೆಸಿದವರಾರು? ಕೇಂದ್ರವು 2023ರ ಹಣಕಾಸು ಕಾಯಿದೆಯಲ್ಲಿ ಆದಾಯ ತೆರಿಗೆ ಕಾಯಿದೆಗೆ ‘43ಬಿ(ಎಚ್)’ ಎಂಬ ಹೊಸ ಕಲಮನ್ನು ಸೇರಿಸಿ, ಸಣ್ಣವರಿಗೆ ಗಡುವಿನೊಳಗೆ ಹಣ ಕೊಡದ ವ್ಯಾಪಾರಿಯು ಅದನ್ನು ಖರ್ಚೆಂದು ಆ ವರ್ಷ ತೋರಿಸಲು ಬಾರದಂತೆ ಮಾಡಿತು; ಮಾರುಕಟ್ಟೆಯ ವ್ಯಾಪಾರಿಗಳಿಗೆ ಅದರ ಬಿಸಿ ತಟ್ಟಿಯೂ ತಟ್ಟಿತು. ಆದರೆ ಸರ್ಕಾರದ ಇಲಾಖೆ ಆದಾಯ ತೆರಿಗೆ ತೆರುವ ಪ್ರಾಣಿಯಲ್ಲ. ಪರರಿಗೆ ಹಾಕಿದ ಕಡಿವಾಣ ತನ್ನ ಬಾಯಿಗೆ ಬಾರದಂತೆ ನೋಡಿಕೊಳ್ಳುವುದರಲ್ಲಿ ರಾಜ್ಯಸಂಸ್ಥೆ ಎಂದಿನಿಂದಲೂ ನಿಪುಣ.

ಆದುದರಿಂದ 46ನೆಯ ದಿನದಿಂದ ಬಡ್ಡಿಯು ಸರಬರಾಜುದಾರನು ಕೇಳದೆಯೇ ಬಿಲ್ಲಿಗೆ ಸೇರುವಂತೆ ಖಜಾನೆಯ ಗಣಕವ್ಯವಸ್ಥೆಯಲ್ಲಿಯೇ ಏರ್ಪಡಿಸಬೇಕು. ಮೊತ್ತ ಎಷ್ಟು, ಯಾವ ಕಚೇರಿಯ ವಿಳಂಬದಿಂದ ಎಂಬುದು ಪ್ರತ್ಯೇಕ ಶೀರ್ಷಿಕೆಯಲ್ಲಿ ಕಾಣಬೇಕು. ಶೇ. 25ನ್ನು ಶೇ. 30 ಮಾಡುವುದಕ್ಕಿಂತ ಇದು ಹೆಚ್ಚಿನ ಆದ್ಯತೆ. ಹಣ ಬಾರದ ಗುತ್ತಿಗೆಯಲ್ಲಿ ಪಾಲು ಹೆಚ್ಚಿಸುವುದೆಂದರೆ ಸಣ್ಣವನಿಂದ ಸರ್ಕಾರ ಎತ್ತುವ ಬಡ್ಡಿಯಿಲ್ಲದ ಸಾಲವನ್ನು ಹೆಚ್ಚಿಸಿದಂತೆ.

ಈ ಖರೀದಿಯ ಪಾಲನ್ನು ವಿರೋಧಿಸುವವರ ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. 2018-19ರ ಆರ್ಥಿಕ ಸಮೀಕ್ಷೆ ಈ ಬಗೆಯ ರಿಯಾಯಿತಿಗಳು ಉದ್ಯಮಗಳನ್ನು ಬೆಳೆಯಗೊಡದೆ ಕುಳ್ಳರನ್ನಾಗಿ ಉಳಿಸುತ್ತವೆಯೆಂದು ಆಕ್ಷೇಪಿಸಿತ್ತು. ಕೆಲವು ವಸ್ತುಗಳ ಉತ್ಪಾದನೆಯನ್ನೇ ಸಣ್ಣವರಿಗೆ ಮೀಸಲಿಡುವ ಪದ್ಧತಿ 1967ರಲ್ಲಿ 47 ವಸ್ತುಗಳಿಂದ ಆರಂಭವಾಗಿ ಮುಂದೆ 800ನ್ನು ಮೀರಿ ಬೆಳೆದು, 2015ರಲ್ಲಿ ಪೂರ್ತಿಯಾಗಿ ತೆಗೆದುಹಾಕಲ್ಪಟ್ಟ ಚರಿತ್ರೆಯನ್ನು ಓದಿದರೆ ಆ ಆಕ್ಷೇಪಣೆ ಸಕಾರಣವೆಂದೇ ತೋರುತ್ತದೆ. ಆ ಮೀಸಲಾತಿ ದೊಡ್ಡವನನ್ನು ತಡೆದದ್ದಲ್ಲದೆ ಸಣ್ಣವನನ್ನೂ ದೊಡ್ಡವನಾಗದಂತೆ ಹೆದರಿಸಿತು. ಖರೀದಿಯ ಪಾಲು ಹಾಗಲ್ಲ. ಅದು ಯಾರ ಕಾರ್ಖಾನೆಯನ್ನೂ ಮುಚ್ಚಿಸುವುದಿಲ್ಲ. ಬೆಳೆದು ಮೇಲಿನ ವರ್ಗಕ್ಕೆ ಹೋದವನಿಗೆ ತೆರಿಗೆಯ ಹೊರತಾದ ಸವಲತ್ತುಗಳು ಇನ್ನೂ ಮೂರು ವರ್ಷ ಉಳಿಯುವವೆಂದು 2022ರಲ್ಲಿ ಕೇಂದ್ರ ಗೊತ್ತುಮಾಡಿದ್ದೂ ವಿವೇಕದ ಕೆಲಸ. ಹೆಂಡತಿಯ ಹೆಸರಿನಲ್ಲಿ, ಚಾಲಕನ ಹೆಸರಿನಲ್ಲಿ ಸಣ್ಣ ಉದ್ಯಮಗಳ ‘ಉದ್ಯಮ್’ ನೋಂದಣಿ ಮಾಡಿಸಿ ಸಣ್ಣವನ ವೇಷ ಹಾಕುವವರ ಕಾಟ ಮಾತ್ರ ದಿಟವಾದದ್ದು. ಅದಕ್ಕೆ ಮದ್ದು ಷೆಡ್ಡಿಗೆ ಹೋಗಿ ಯಂತ್ರ ತಿರುಗುತ್ತಿದೆಯೇ ಎಂದು ನೋಡುವ ಅಧಿಕಾರಿ, ಮತ್ತೊಂದು ಪ್ರಮಾಣಪತ್ರ ಅಲ್ಲ.

ಸರ್ಕಾರದ ಖರೀದಿ ಒಂದು ಕಸುಬನ್ನು ಹೇಗೆ ಸಾಕುತ್ತದೆ, ಹೇಗೆ ಕೈಬಿಡುತ್ತದೆ ಎಂಬುದಕ್ಕೆ ದೂರದ ನಿದರ್ಶನ ಬೇಡ. ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರಲ್ಲಿ ಹುಟ್ಟಿದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ, ಮಾನಕ ಸಂಸ್ಥೆಯ ಮುದ್ರೆಯುಳ್ಳ ಖಾದಿ ರಾಷ್ಟ್ರಧ್ವಜವನ್ನು ತಯಾರಿಸಿ ದೇಶಕ್ಕೆಲ್ಲ ಕಳುಹಿಸುತ್ತ ಬಂದಿದೆ. ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯಲ್ಲಿ ನೇಯ್ದ ಬಟ್ಟೆ ಇಲ್ಲಿಗೆ ಬಂದು, ಬಣ್ಣ ಕಂಡು, ಅಶೋಕಚಕ್ರದ ಮುದ್ರೆ ಪಡೆದು, ಅಳತೆಯಲ್ಲಿ ಕೂದಲೆಳೆ ತಪ್ಪಿದರೂ ತಿರಸ್ಕೃತವಾಗುವ ಕಠಿಣ ಪರೀಕ್ಷೆಗೆ ಒಳಗಾಗಿ ಬಾವುಟವಾಗುತ್ತದೆ. ಕೆಲಸಮಾಡುವವರಲ್ಲಿ ಬಹುಭಾಗ ಹೆಂಗಸರು. ಧ್ವಜಸಂಹಿತೆ ಖಾದಿಯನ್ನು ಕಡ್ಡಾಯ ಮಾಡಿದ್ದ ತನಕ ಆ ಮಗ್ಗಗಳಿಗೆ ಬೇರೆ ರಿಯಾಯಿತಿಯೇ ಬೇಕಿರಲಿಲ್ಲ. 2021ರ ಡಿಸೆಂಬರಿನಲ್ಲಿ ಸಂಹಿತೆಯನ್ನು ತಿದ್ದಿ ಯಂತ್ರದಲ್ಲಿ ಮಾಡಿದ ಪಾಲಿಯೆಸ್ಟರ್ ಬಾವುಟಕ್ಕೂ ಅನುಮತಿ ಕೊಟ್ಟದ್ದೇ ತಡ, ಮರುವರ್ಷವೇ ಮನೆಮನೆಯಲ್ಲಿ ಧ್ವಜವೇರಿಸುವ ಸಂಭ್ರಮದ ನಡುವೆ ಬೆಂಗೇರಿಯವರು ಬೇಡಿಕೆ ಕುಸಿಯಿತೆಂದು ಬೀದಿಗಿಳಿದು ಪ್ರತಿಭಟಿಸಬೇಕಾಯಿತು. ಪ್ರಜೆ ತನಗೆ ಇಷ್ಟವಾದ ಬಾವುಟವನ್ನು ಕೊಳ್ಳಲಿ. ಸರ್ಕಾರಿ ಕಟ್ಟಡಗಳ ಮೇಲೆ ಹಾರುವ ಧ್ವಜ ಖಾದಿಯದೇ ಆಗಿರತಕ್ಕದ್ದೆಂಬ ಒಂದು ಸಾಲನ್ನು ಉಳಿಸಿಕೊಳ್ಳಲು ಏನು ಅಡ್ಡಿಯಿತ್ತೆಂಬುದು ನನಗೆ ಈವರೆಗೆ ಬಗೆಹರಿದಿಲ್ಲ.

ಕೇಂದ್ರದ ಖರೀದಿ ಆಜ್ಞೆ ರಾಜ್ಯಗಳನ್ನು ಬಂಧಿಸದು. ಕರ್ನಾಟಕದಲ್ಲಿ ಸರ್ಕಾರಿ ಖರೀದಿಯನ್ನು ಆಳುವುದು 1999ರ ಪಾರದರ್ಶಕತೆ ಕಾಯಿದೆ. ಸ್ಪರ್ಧೆಯೇ ಅದರ ಜೀವ. ಆದರೂ ನ್ಯಾಯಕ್ಕಾಗಿ ಸ್ಪರ್ಧೆಯನ್ನು ಮಿತಗೊಳಿಸಬಹುದೆಂಬುದನ್ನು ನಮ್ಮ ವಿಧಾನಮಂಡಲ ತಾನೇ ಒಪ್ಪಿದೆ: ಮೊದಲು 50 ಲಕ್ಷ, 2023ರಲ್ಲಿ 1 ಕೋಟಿ ರೂಪಾಯಿಯವರೆಗಿನ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಯ ಗುತ್ತಿಗೆದಾರರಿಗೆ ಶೇ. 17.15, ಪರಿಶಿಷ್ಟ ಪಂಗಡದವರಿಗೆ ಶೇ. 6.95 ಮೀಸಲಿಟ್ಟದ್ದು ಇದೇ ಕಾಯಿದೆಗೆ ತಂದ ತಿದ್ದುಪಡಿಯಿಂದ. ಅದೇ ಕಾಯಿದೆಯ 4(ಜಿ) ಕಲಮಿನಡಿ ಟೆಂಡರೇ ಇಲ್ಲದೆ ಕೆಲಸ ವಹಿಸಿಕೊಡುವ ವಿನಾಯಿತಿಗಳನ್ನು ಪಕ್ಷಭೇದವಿಲ್ಲದೆ ಎಲ್ಲ ಸರ್ಕಾರಗಳೂ ಧಾರಾಳವಾಗಿ ಕೊಡುತ್ತ ಬಂದಿವೆ. ಕಾನೂನನ್ನು ಬಗ್ಗಿಸುವ ಕೈ ಇಷ್ಟು ಪಳಗಿರುವಾಗ, ಅದನ್ನು ಸೂಕ್ಷ್ಮ ಉದ್ಯಮದ ಪರವಾಗಿ ಒಮ್ಮೆ ತಿದ್ದುವುದು ಕಷ್ಟವಾಗಲಾರದು.

ಮುಂದಿನ ಆಯವ್ಯಯದ ಕಾಗದಗಳ ಜೊತೆಯಲ್ಲಿ ಪ್ರತಿಯೊಂದು ಇಲಾಖೆಯೂ, ನಿಗಮವೂ, ಆ ವರ್ಷ ಸೂಕ್ಷ್ಮ ಉದ್ಯಮಗಳಿಂದ ಎಷ್ಟು ರೂಪಾಯಿನ ವಸ್ತು ಕೊಂಡಿತು, ಬಿಲ್ಲು ಬಂದ ಎಷ್ಟನೆಯ ದಿನಕ್ಕೆ ಹಣ ಕೊಟ್ಟಿತು ಎಂಬ ಪಟ್ಟಿಯನ್ನು ವಿಧಾನಮಂಡಲದ ಮುಂದಿಡಲಿ. 1949ರಿಂದ ಸಣ್ಣ ಕೈಗಾರಿಕೆಗಳ ಪರವಾಗಿ ಮಾತಾಡುತ್ತ ಬಂದಿರುವ ಕಾಸಿಯಾ ಸಂಸ್ಥೆಯೂ ಜಿಲ್ಲೆಗಳ ಸಂಘಗಳೂ ಭೂಮಿ, ಸಹಾಯಧನಗಳ ಮನವಿಯನ್ನು ಒಂದು ವರ್ಷದ ಮಟ್ಟಿಗೆ ಬದಿಗಿಟ್ಟು ಈ ಒಂದು ಪಟ್ಟಿಯನ್ನು ಕೇಳಲಿ. ತಮ್ಮ ಕ್ಷೇತ್ರದಲ್ಲಿ ಕೈಗಾರಿಕಾ ವಸಾಹತು ಇರುವ ಪ್ರತಿಯೊಬ್ಬ ಶಾಸಕರೂ ಅದನ್ನು ಸದನದಲ್ಲಿ ಪ್ರಶ್ನೆಯಾಗಿ ಎತ್ತಲಿ.